ಹಿಂಬದಿ ಮೆಟ್ಟಿಲಿನ ಕುರ್ಚಿಗಳು

ಮೇ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತೂ ಕಾಲು ದಾಟಿತ್ತು. ಕಿರ್ಷ್‌ಬೆರ್ಗ್ ಠಾಣೆಯ ಫೋನ್ ಬಡಿದುಕೊಂಡಾಗ ಇನ್ಸ್‌ಪೆಕ್ಟರ್ ಝೆಂಪಿ ಹೊಶೈಡ್ ಒಂದು ಕೈಯಲ್ಲಿ ಕಾಫಿ ಹಿಡಿದೇ ಇನ್ನೊಂದು ಕೈಯಲ್ಲಿ ಎತ್ತಿದ. ಅತ್ತ ಕಡೆ ಪ್ಲಾಟೋ ತರಬೇತಿ ಕೇಂದ್ರದ ಕೇರ್‌ಟೇಕರ್ ಫೆರ್ನಾಂ.

"ನಮ್ ಕಟ್ಟಡದಲ್ಲಿ ಬಾಂಬ್ ಇಟ್ಟಿದಾರಂತೆ ಮೊಸ್ಯೋ. ಯಾರೋ ಹೆಂಗಸು ಫೋನ್ ಮಾಡಿದ್ಲು."

"ಇವತ್ತು ಅಲ್ಲಿ ಪರೀಕ್ಷೆ ಇದೆಯೇನ್ರೀ?"

"ಇದೆ. ಒಂಬತ್ತೂವರೆಗೆ."

"ಹಂಗಾದ್ರೆ ಬಾಂಬಿಲ್ಲ ಬಿಡಿ. ಓದದೆ ಇರೋರು ಯಾರಿದಾರೆ ನೋಡಿ" ಎಂದು ಹೊಶೈಡ್ ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನಿಧಾನವಾಗಿ ಮುಗಿಸಿದ. ಪರೀಕ್ಷೆಯ ಕಾಲದಲ್ಲಿ ಇಂಥ ಫೋನು ಅವನಿಗೆ ಹೊಸದಲ್ಲ. ಶಾಲೆಗಳಿಂದ ವರ್ಷಕ್ಕೆ ಎರಡಾದರೂ ಬರುತ್ತಿದ್ದವು.

"ಇನ್ನೊಂದು ಮೊಸ್ಯೋ" ಎಂದ ಫೆರ್ನಾಂ. "ಎಲ್ಲಾ ಹೊರಗೆ ಬಂದಿದಾರೆ. ಆದ್ರೆ ನಮ್ ಇದಲಿನಾ ಹಿಂದಿನ ಮೆಟ್ಟಿಲಲ್ಲಿ ಬಿದ್ದಿದಾಳೆ. ಏಳ್ತಾ ಇಲ್ಲ."

ಮೊದಲನೆಯ ಮಾತಿಗೂ ಎರಡನೆಯ ಮಾತಿಗೂ ನಡುವೆ ಕುಡಿದ ಆ ಗುಟುಕು ಕಾಫಿ ಹೊಶೈಡನ ಗಂಟಲಲ್ಲಿ ಬಹಳ ದಿನ ಉಳಿಯಿತು. ಅದರಿಂದ ಏನೂ ಹೆಚ್ಚುಕಡಿಮೆ ಆಗಿರಲಿಲ್ಲ, ಆಂಬುಲೆನ್ಸ್ ಅಷ್ಟು ಹೊತ್ತಿಗಾಗಲೇ ಹೊರಟಿತ್ತು. ಆದರೂ ಮನಸ್ಸು ಲೆಕ್ಕ ಕೇಳಿ ಚುಚ್ಚುವುದಿಲ್ಲವಲ್ಲ.

ಹೊಶೈಡ್ ಮತ್ತು ಕಾನ್‌ಸ್ಟೆಬಲ್ ಲಿಝ್ ವಾಂಪಾಖ್ ಅಲ್ಲಿಗೆ ತಲುಪಿದಾಗ ಟ್ರಾಮ್ ನಿಲ್ಲಿಸಿದ್ದರು. ಹುಲ್ಲಿನ ಮೇಲೆ ನಲವತ್ತು ಮಂದಿ ಅಭ್ಯರ್ಥಿಗಳು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಮೊದಲ ಮತ್ತು ಎರಡನೆಯ ಮಹಡಿಯ ನಡುವೆ ಮೆಟ್ಟಿಲು ತಿರುಗುವ ಕಡೆ ಇದಲಿನಾ ಪ್ರಝೆರೆಸ್ ಮಲಗಿದ್ದಳು. ಕಟ್ಟಡ ಗುಡಿಸಿ ಒರೆಸುವವಳು, ಐವತ್ತೆಂಟರ ಪೋರ್ಚುಗೀಸ್ ಹೆಂಗಸು. ತಲೆ ಕಬ್ಬಿಣದ ಕಂಬಿಗೆ ಬಡಿದಿತ್ತು. ಒಬ್ಬ ಯುವತಿ ಕೂತು ಆ ತಲೆಯನ್ನು ತನ್ನ ಮಡಿಲಲ್ಲಿ ಅಲ್ಲಾಡದಂತೆ ಹಿಡಿದಿದ್ದಳು. ಅವಳ ನೀಲಿ ಸ್ಕಾರ್ಫ್ ರಕ್ತದಲ್ಲಿ ನೆನೆದಿತ್ತು. ಆಂಬುಲೆನ್ಸಿನವರು ಬಂದು ಎತ್ತಿಕೊಳ್ಳುವವರೆಗೂ ಅವಳು ಕೈ ಬಿಡಲಿಲ್ಲ.

"ನಿಮ್ಮ ಹೆಸರು?" ಲಿಝ್ ಕೇಳಿದಳು.

"ಸೊಲೆನ್ ಮಾತಿಸ್. ಪರೀಕ್ಷೆಗೆ ಬಂದವಳು. ಗಡಿಯಾಚೆ, ಥಿಯೋನ್‌ವಿಲ್‌ನಿಂದ."

"ಎಲ್ರೂ ದಾಟ್ಕೊಂಡು ಹೋದ್ರು, ನೀವೊಬ್ರೇ ನಿಂತ್ರಿ. ನಿಮಗೆ ಒಳ್ಳೇದಾಗ್ಲಿ" ಎಂದ ಹೊಶೈಡ್.

ಅವಳು ನೆಲ ನೋಡಿದಳು. "ನಾನು ಕೊನೇಲಿದ್ದೆ" ಎಂದಳು, ಅಷ್ಟೆ.

ನಾಯಿಗಳು ನಾಲ್ಕು ಮಹಡಿಯನ್ನೂ ಮೂಸಿ ನೋಡಿದವು. ಬಾಂಬಿರಲಿ, ಒಂದು ಪಟಾಕಿಯೂ ಸಿಗಲಿಲ್ಲ. ಹನ್ನೊಂದು ಗಂಟೆಗೆ ಸ್ಥಳ ಮಹಜರು ಬರೆದರು. ಮೆಟ್ಟಿಲು ತಿರುಗುವ ಕಡೆ ಒಂದರೊಳಗೊಂದು ಸಿಕ್ಕಿಸಿದ ಎರಡು ಪ್ಲಾಸ್ಟಿಕ್ ಕುರ್ಚಿ ಬಿದ್ದಿದ್ದವು, ಮೇಲಿನದರ ಕಾಲು ಬಾಗಿತ್ತು. ಉಳಿದಂತೆ ಮೆಟ್ಟಿಲ ಮೇಲೆ ಒಂದು ಕಡ್ಡಿ ಕೂಡ ಇರಲಿಲ್ಲ. ನೆಲಮಾಳಿಗೆಯ ಬಾಗಿಲ ಬಳಿ ಅಂಥದೇ ಕುರ್ಚಿಗಳನ್ನೂ ರಟ್ಟಿನ ಪೆಟ್ಟಿಗೆಗಳನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು.

ಬೆದರಿಕೆಯ ಮಾತನ್ನು ಫೆರ್ನಾಂ ಎರಡು ಸಲ ಹೇಳಿ ಬರೆಸಿದ. ಮೆಲುದನಿಯ ಹೆಂಗಸು, ಫ್ರೆಂಚ್ ಮಾತು, ಬಾಯಿಗೆ ಬಟ್ಟೆ ಅಡ್ಡ ಹಿಡಿದಂತಿತ್ತು. 'ಕಟ್ಟಡದಲ್ಲಿ ಬಾಂಬಿದೆ. ಇನ್ನೂ ಸಮಯವಿದೆ, ಗಾಬರಿ ಬೇಡ. ಲಿಫ್ಟ್ ಬೇಡ, ಮುಂಬಾಗಿಲು ಬೇಡ, ಅಲ್ಲಿ ಟ್ರಾಮ್ ಬರುತ್ತದೆ. ಎಲ್ಲರನ್ನೂ ಹಿಂಬದಿ ಮೆಟ್ಟಿಲಿಂದ ಇಳಿಸಿ.'

"ಬಾಂಬ್ ಇಡೋಳು ಟ್ರಾಮಿಗೆ ಸಿಕ್ತಾರೆ ಅಂತ ಹೆದರ್ತಾಳಾ?" ಲಿಝ್ ಮೂಗು ಮುರಿದಳು. "ನಮ್ಮಮ್ಮನೂ ಇಷ್ಟು ಹೇಳಿ ಕಳಿಸಲ್ಲ."

ಮಧ್ಯಾಹ್ನಕ್ಕೆ ಟೆಲಿಫೋನ್ ವ್ಯವಸ್ಥೆಯವರು ಬಂದು ನೋಡಿ ಹೇಳಿದ್ದು ಇನ್ನೂ ವಿಚಿತ್ರವಾಗಿತ್ತು. ಆ ಫೋನು ಹೊರಗಿನಿಂದ ಬಂದದ್ದೇ ಅಲ್ಲ, ಎರಡನೆಯ ಮಹಡಿಯ ಖಾಲಿ ಸಭಾಕೊಠಡಿಯಿಂದ ಬಂದದ್ದು. ಬಾಂಬಿದೆ ಎಂದವಳು ಆ ಬಾಂಬಿನ ಜೊತೆಗೇ ಕಟ್ಟಡದೊಳಗೆ ಕೂತಿದ್ದಳು ಎಂದಾಯಿತು. ಆ ಕೊಠಡಿಯ ಫೋನಿನ ಮೇಲಿನ ಬೆರಳಚ್ಚುಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು.

ಹೇಳಿಕೆಗಳನ್ನು ಬರೆದುಕೊಳ್ಳುವುದಕ್ಕೆ ಸಂಜೆಯಾಯಿತು. ಮೆಟ್ಟಿಲಿಳಿದವರ ಹೇಳಿಕೆಯಲ್ಲೆಲ್ಲ ಮಾತು ಒಂದೇ. ಗಂಟೆ ಹೊಡೆಯಿತು, ಇಳಿದೆವು, ಒಬ್ಬಳು ಕುರ್ಚಿ ಹಿಡಿದು ನಿಂತಿದ್ದಳು, ಗೋಡೆಗೆ ಒತ್ತಿಕೊಂಡಳು, ಯಾರದೋ ಬ್ಯಾಗು ತಗುಲಿತೋ ಏನೋ ಬಿದ್ದಳು. ತಳ್ಳಿದವರು ಯಾರೂ ಇಲ್ಲ. 'ನನ್ನ ಮುಂದಿನವರು ನಿಲ್ಲಲಿಲ್ಲ, ಹಾಗಾಗಿ ನಾನೂ ನಿಲ್ಲಲಿಲ್ಲ' ಎಂದು ಹೇಳುವಾಗ ಒಬ್ಬೊಬ್ಬರೂ ಕಣ್ಣು ತಪ್ಪಿಸಿದರು. ಒಬ್ಬ ದಢೂತಿ ಮನುಷ್ಯ ಮಾತು ಮುಗಿಸಿ ಹೊರಗೆ ಹೋದವನು ಮತ್ತೆ ಬಂದು, "ನಾನು ಅವಳ ಕೈ ತುಳಿದೆ ಅನ್ಸುತ್ತೆ. ಬರ್ಕೊಳ್ಳಿ" ಎಂದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಇದಲಿನಾಳ ಗಂಡ ಅಬೀಲಿಯೊ ಕೂತಿದ್ದ. ಕಟ್ಟಡ ಕಟ್ಟುವ ಮೇಸ್ತ್ರಿ, ಬೆನ್ನು ನೋವಿಗೆ ಆ ವಾರ ಮನೆಯಲ್ಲಿದ್ದ. ಹೆಂಡತಿಯ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವನ ಕೈಗೆ ಕೊಟ್ಟಿದ್ದರು.

"ಅವಳ ಪಾಳಿ ಎಷ್ಟೊತ್ತಿನವರೆಗೆ?" ಹೊಶೈಡ್ ಕೇಳಿದ.

"ಎಂಟಕ್ಕೆ ಮುಗಿಯುತ್ತೆ ಮೊಸ್ಯೋ. ಹದಿನಾರು ವರ್ಷದಿಂದ ಎಂಟಕ್ಕೇ. ಎಂಟೂವರೆಗೆ ಮನೇಲಿರ್ತಾಳೆ. ನಾನು ಕಾಫಿ ಕಾಯಿಸಿ ಇಟ್ಟಿದ್ದೆ."

"ಇವತ್ತು ನಿಲ್ತೀನಿ ಅಂತ ಹೇಳಿದ್ಲಾ?"

"ಇಲ್ಲ. ಒಂದು ಮೆಸೇಜೂ ಇಲ್ಲ." ಅವನು ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ. "ಯಾರು ಫೋನ್ ಮಾಡಿದ್ರು ಅನ್ನೋದು ನೀವು ನೋಡ್ಕೊಳ್ಳಿ, ಅದು ನಿಮ್ ಕೆಲ್ಸ. ನನಗೆ ಒಂದೇ ಹೇಳಿ. ಅವಳು ಯಾಕೆ ನಿಂತ್ಲು?"

ತಿಳಿದ ಕೂಡಲೇ ಬಂದು ಹೇಳುತ್ತೇನೆ ಎಂದು ಹೊಶೈಡ್ ಮಾತು ಕೊಟ್ಟ. ಪೊಲೀಸರು ಕೊಡಬಾರದ ಮಾತು ಅದು.

ಬುಧವಾರ ಬೆಳಿಗ್ಗೆ ಅವನು ತರಬೇತಿ ಕೇಂದ್ರದ ಮುಖ್ಯಸ್ಥ ಅರ್ಮಾಂದ್ ಬಿಸೆನಿಯಸ್‌ನನ್ನು ಮೂರನೆಯ ಮಹಡಿಯ ತರಗತಿಯಲ್ಲಿ ಕಂಡ. ನರೆತ ಗಡ್ಡದ ಮೇಷ್ಟ್ರು, ಇಡೀ ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ.

"ಇಲ್ಲಿ ಏನು ಕಲಿಸ್ತೀರಿ? ನನ್ನಂಥ ದಡ್ಡನಿಗೆ ತಿಳಿಯೋ ಹಾಗೆ ಹೇಳಿ."

"ಹೆದರೋದನ್ನ ಕಲಿಸ್ತೀವಿ" ಎಂದ ಬಿಸೆನಿಯಸ್. "ಈ ಊರಲ್ಲಿ ಬೇಕರಿಗಿಂತ ಹೂಡಿಕೆ ನಿಧಿಗಳೇ ಜಾಸ್ತಿ, ನಿಮಗೆ ಗೊತ್ತು. ಅದರಲ್ಲಿ ಕೆಲವು ಷೇರು ಕೊಳ್ಳಲ್ಲ. ಕಟ್ಟಡ, ಕಾಡು, ಹಡಗು, ಇಂಥದ್ರಲ್ಲಿ ಜನರ ದುಡ್ಡು ಹಾಕ್ತವೆ. ಪರ್ಯಾಯ ನಿಧಿ ಅಂತಾರೆ. ಅಂಥ ಪ್ರತಿಯೊಂದಕ್ಕೂ ಒಬ್ಬ ರಿಸ್ಕ್ ಮ್ಯಾನೇಜರ್ ಇರಲೇಬೇಕು ಅಂತ ಕಾನೂನು. ದುಡ್ಡು ಹಾಕೋರು 'ಎಷ್ಟು ಬರುತ್ತೆ' ಅಂತ ನೋಡಿದ್ರೆ, ಇವರು 'ಏನು ಕೆಡುತ್ತೆ' ಅಂತ ನೋಡ್ಬೇಕು. ಇವರ ಹೆಸರು ನಿಧಿಗಳ ಮೇಲೆ ಕಣ್ಣಿಡೋ ಸರ್ಕಾರಿ ನಿಯಂತ್ರಣ ಕಚೇರಿಗೆ ಹೋಗುತ್ತೆ. ನಮ್ಮಲ್ಲಿ ಪಾಸಾಗದ ಹೆಸರನ್ನ ಅವರು ಒಪ್ಪಲ್ಲ."

ಬೋರ್ಡಿನ ಮೇಲೆ ಕಳೆದ ವಾರದ ಪಾಠ ಇನ್ನೂ ಅಳಿಸಿರಲಿಲ್ಲ. ಬೇಡದ ಕೊನೆಯನ್ನು ಮೊದಲು ಬರೆ. ಅಲ್ಲಿಂದ ಹಿಂದಕ್ಕೆ ನಡೆದು ದಾರಿ ಹುಡುಕು. ದಾರಿಯಲ್ಲಿ ಯಾರಿಗೆ ಏಟಾಗಬಹುದೋ ನೋಡಿ, ಒಂದೊಂದನ್ನೂ ತಗ್ಗಿಸು. ಎಲ್ಲ ತಗ್ಗಿಸಿದ ಮೇಲೂ ಉಳಿಯುವುದನ್ನು ಒಪ್ಪಿಕೋ, ಕೆಳಗೆ ಸಹಿ ಹಾಕು.

ಹೊಶೈಡ್ ಅದನ್ನು ಎರಡು ಸಲ ಓದಿದ. ಟ್ರಾಮು, ಲಿಫ್ಟು, ಗಾಬರಿ ಬೇಡ. ಗುಡಿಸಿಟ್ಟಂಥ ಮೆಟ್ಟಿಲು. ಬೆದರಿಕೆ ಹಾಕಿದವಳು ಈ ಪಾಠ ಓದಿದವಳೇ.

"ಕೆಳಗಡೆ ಶಿಶುವಿಹಾರ ಇದೆಯಲ್ಲ, ಆ ಮಕ್ಕಳು ನಿನ್ನೆ ಎಲ್ಲಿದ್ರು?"

"ಪಾರ್ಕಿನಲ್ಲಿ. ಮಂಗಳವಾರ ಒಂಬತ್ತಕ್ಕೆ ಕರ್ಕೊಂಡು ಹೋಗ್ತಾರೆ. ಪುಣ್ಯ."

"ಗಾಲಿಕುರ್ಚಿಯಲ್ಲಿ ಒಬ್ರು ಅಭ್ಯರ್ಥಿ ಇದ್ರಂತೆ. ಅವರು ಮೂರನೇ ಮಹಡಿಯಿಂದ ಹೆಂಗೆ ಇಳಿದ್ರು?"

"ಅವರು ಮೇಲೆ ಇರ್ಲೇ ಇಲ್ಲ. ನೆಲಮಹಡಿಯಲ್ಲಿ ಪ್ರತ್ಯೇಕ ಕೋಣೆ ಕೊಟ್ಟಿದ್ವಿ."

"ಅದು ಯಾವಾಗ ನಿರ್ಧಾರ ಆಯ್ತು?"

ಬಿಸೆನಿಯಸ್ ಬೋರ್ಡು ನೋಡಿದ, ಹೊಶೈಡನ ಮುಖ ನೋಡಿದ. "ಕಳೆದ ಶುಕ್ರವಾರ" ಎಂದ ಕೊನೆಗೆ. "ಒಬ್ಬರು ಬಂದು ಕೇಳಿಕೊಂಡ್ರು. ಲಿಫ್ಟ್ ಕೆಟ್ರೆ ಏನ್ಮಾಡ್ತೀರಿ ಅಂತ. ನನಗೇ ನಾಚಿಕೆ ಆಯ್ತು, ನಾನೇ ಯೋಚನೆ ಮಾಡ್ಬೇಕಿತ್ತು ಅಂತ."

"ಯಾರು?"

"ಸೊಲೆನ್ ಮಾತಿಸ್. ನನ್ನ ತರಗತೀಲಿ ಅವಳಷ್ಟು ಚೆನ್ನಾಗಿ ಕಲಿತವರಿಲ್ಲ." ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತ. "ಬೇಡ ಇನ್ಸ್‌ಪೆಕ್ಟರ್. ಅವಳಲ್ಲ. ಅವಳಿಗೆ ಪರೀಕ್ಷೆ ನಿಲ್ಲಿಸಿ ಏನಾಗ್ಬೇಕಿದೆ? ಕಣ್ಣು ಮುಚ್ಕೊಂಡು ಪಾಸಾಗ್ತಿದ್ಲು."

ಹೊರಗೆ ಬಂದ ಮೇಲೆ ಲಿಝ್ ಕೂಡ ಅದನ್ನೇ ಹೇಳಿದಳು. "ಒಳ್ಳೆಯವಳು ಅನ್ನೋದೇ ಸಾಕ್ಷಿ ಆಗುತ್ತಾ ಝೆಂಪಿ? ಆ ಹೆಂಗಸಿನ ತಲೆ ಮಡಿಲಲ್ಲಿ ಇಟ್ಕೊಂಡಿದ್ದು ಅವಳೇ. ಹಂಗೆ ನೋಡಿದ್ರೆ ಒಳ್ಳೇ ಕೆಲ್ಸ ಮಾಡಿದವರನ್ನೆಲ್ಲ ಒಳಗೆ ಹಾಕ್ಬೇಕಾಗುತ್ತೆ. ನೀವಂತೂ ಆರಾಮಾಗಿ ಹೊರಗಿರ್ತೀರ."

"ನಿನ್ನ ನಾಲಿಗೆಗೆ ಮೊದ್ಲು ವಾರಂಟ್ ತರ್ಬೇಕು" ಎಂದ ಹೊಶೈಡ್. ಆದರೆ ಅವಳ ಮಾತು ಸರಿಯಾಗಿತ್ತು. ಅವನ ಕೈಯಲ್ಲಿ ಇದ್ದದ್ದು ಒಂದು ಉಪಕಾರ ಮಾತ್ರ. ಮಧ್ಯಾಹ್ನ ಬೀನ್ಸ್ ಸೂಪಿನ ಮುಂದೆ ಕೂತರೂ ಅವನಿಗೆ ಅರ್ಧ ಬಟ್ಟಲು ಇಳಿಯಲಿಲ್ಲ. ಕುರ್ಚಿ ಹೊತ್ತು ನಿಂತಿದ್ದ ಹೆಂಗಸಿಗೂ ಈ ಲೆಕ್ಕಾಚಾರಕ್ಕೂ ಸಂಬಂಧ ಎಲ್ಲಿ ಎಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಗುರುವಾರ ಬೆಳಗಿನ ಜಾವ ಇದಲಿನಾ ತೀರಿಕೊಂಡಳು. ಹುಸಿ ಬೆದರಿಕೆಯ ದೂರಾಗಿದ್ದದ್ದು ಸಾವಿನ ಪ್ರಕರಣವಾಗಿ ತನಿಖಾ ನ್ಯಾಯಾಧೀಶರ ಮೇಜಿಗೆ ಹೋಯಿತು. ಆ ಸುದ್ದಿ ಕೇಳಿ ಹತ್ತು ಗಂಟೆಗೆ ಠಾಣೆಗೆ ತಾನಾಗಿಯೇ ಬಂದವನು ಕೇರ್‌ಟೇಕರ್ ಫೆರ್ನಾಂ. ಅವನು ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ಬಾಗಿಲಲ್ಲೇ ನಿಂತ.

"ಕೂತ್ಕೊಳ್ಳಿ."

"ಬೇಡ ಮೊಸ್ಯೋ. ನಾನು ಮಂಗಳವಾರ ಒಂದು ಮಾತು ನುಂಗ್ಕೊಂಡೆ. ಅವಳು ಎದ್ದು ಬರ್ತಾಳೆ, ಕ್ಷಮೆ ಕೇಳಿದ್ರಾಯ್ತು ಅಂತ. ಹಿಂದಿನ ಮೆಟ್ಟಿಲಲ್ಲಿ ಕುರ್ಚಿ, ಪೆಟ್ಟಿಗೆ ಎಲ್ಲಾ ತುಂಬಿದ್ವು. ಅದನ್ನ ತೆಗೆಯೋದು ನನ್ ಕೆಲ್ಸ. ಮಂಗಳವಾರ ಅವಳು ಕೆಲ್ಸಕ್ಕೆ ಬಂದ ಕೂಡ್ಲೇ ನಾನು ಅವಳಿಗೆ ಹೇಳ್ದೆ. ಗುಡಿಸಿ ಆದ್ಮೇಲೆ ಸ್ವಲ್ಪ ನಿಂತು ಅವನ್ನ ಕೆಳಗಿಟ್ಬಿಡಮ್ಮ ಅಂತ. ಆಯ್ತು ಅಂದ್ಲು. ಯಾವತ್ತೂ ಇಲ್ಲ ಅಂದವಳಲ್ಲ."

ಹೊಶೈಡ್ ಪೆನ್ನು ಕೆಳಗಿಟ್ಟ. ಅಬೀಲಿಯೊನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು.

"ವರ್ಷಗಟ್ಟಲೆ ಬಿದ್ದಿದ್ದ ಕುರ್ಚಿ ಆವತ್ತೇ ಯಾಕೆ ನೆನಪಾದ್ವು?"

"ಸೋಮವಾರ ಸಾಯಂಕಾಲ ಒಬ್ಬಾಕೆ ಫೋನ್ ಮಾಡಿದ್ಲು. ನಾಳೆ ಪರೀಕ್ಷೆಗೆ ಬರೋಳಂತೆ. ಬೆಂಕಿಗಿಂಕಿ ಬಿದ್ರೆ ಆ ಮೆಟ್ಟಿಲಲ್ಲಿ ಇಳಿಯೋದು ಹೆಂಗೆ, ಬೆಳಿಗ್ಗೆಯೊಳಗೆ ಖಾಲಿ ಮಾಡಿಸಿ ಅಂದ್ಲು. ಈ ರಿಸ್ಕಿನವರ ಕಾಟ ನಮಗೆ ದಿನಾ ಇದ್ದಿದ್ದೇ ಮೊಸ್ಯೋ. ಕಾರ್ಪೆಟ್ ಅಂಚು ಎದ್ದಿದೆ, ಕೆಟಲ್ ವೈರ್ ಸವೆದಿದೆ ಅಂತ ಏನಾದ್ರೂ ಒಂದು. ಹೆಸರು ಕೂಡ ಕೇಳ್ಲಿಲ್ಲ ನಾನು."

"ಬಾಂಬಿನ ದನಿ ಅದೇನಾ?"

"ಆವಾಗ ಅನ್ನಿಸ್ಲಿಲ್ಲ. ಈಗ ಅನ್ಸುತ್ತೆ. ಆದ್ರೆ ಈಗ ನನಗೆ ಏನು ಬೇಕಾದ್ರೂ ಅನ್ಸುತ್ತೆ." ಅವನು ಮುಖ ಮುಚ್ಚಿಕೊಂಡು ಅತ್ತ. ಲಿಝ್ ಎದ್ದು ನೀರು ಕೊಟ್ಟಳು, ಆ ದಿನ ಅವಳು ಯಾರನ್ನೂ ಕಿಚಾಯಿಸಲಿಲ್ಲ.

ನ್ಯಾಯಾಧೀಶರ ಆದೇಶ ಹಿಡಿದು ಟೆಲಿಫೋನ್ ಕಂಪನಿಗೆ ಹೋದರು. ಸೋಮವಾರ ಸಂಜೆ ಕೇಂದ್ರಕ್ಕೆ ಬಂದ ಕರೆಗಳಲ್ಲಿ ಒಂದು ಫ್ರೆಂಚ್ ಮೊಬೈಲಿನದು. ಯಾರದು ಎಂಬ ಉತ್ತರ ಗಡಿಯಾಚೆಯಿಂದ ಬರುವ ಹೊತ್ತಿಗೆ ಕಚೇರಿ ಮುಚ್ಚುವ ವೇಳೆಯಾಗಿತ್ತು. ಸಂಖ್ಯೆ ಮುಚ್ಚಿಟ್ಟಿರಲಿಲ್ಲ, ಹೆಸರೂ ಸುಳ್ಳಲ್ಲ. ಸೊಲೆನ್ ಮಾತಿಸ್, ಥಿಯೋನ್‌ವಿಲ್.

ಶುಕ್ರವಾರ ಬೆಳಿಗ್ಗೆ ಎಂಟರ ಸುಮಾರಿಗೆ ಥಿಯೋನ್‌ವಿಲ್ ಕಡೆಯ ರೈಲು ಬಂದಾಗ ಹೊಶೈಡ್ ಮತ್ತು ಲಿಝ್ ಮೂರನೆಯ ಪ್ಲಾಟ್‌ಫಾರಂನಲ್ಲಿ ನಿಂತಿದ್ದರು. ಗಡಿಯಾಚೆಯಿಂದ ದುಡಿಯಲು ಬರುವ ಜನ ಎಂದಿನಂತೆ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಸೊಲೆನ್ ಬಾಗಿಲ ಬಳಿ ನಿಂತು ಹಿಂದಿನವರಿಗೆಲ್ಲ ದಾರಿ ಬಿಟ್ಟಳು. ಒಬ್ಬ ಮುದುಕಿಯ ಪೆಟ್ಟಿಗೆ ಇಳಿಸಿಕೊಟ್ಟು ತಾನು ಕೊನೆಗೆ ಇಳಿದಳು. ಇವರಿಬ್ಬರನ್ನು ನೋಡಿ ನೇರವಾಗಿ ಹತ್ತಿರ ಬಂದಳು.

"ಅವರು ತೀರ್ಕೊಂಡ್ರಂತೆ. ಪತ್ರಿಕೇಲಿ ನೋಡ್ದೆ" ಎಂದಳು. "ನಾನು ನಿನ್ನೇನೇ ಬರಬೇಕಿತ್ತು. ನಿಮ್ಮ ಠಾಣೆ ಬಾಗಿಲವರೆಗೆ ಬಂದೆ. ಒಳಗೆ ಬರೋಕೆ ಕಾಲು ಬರ್ಲಿಲ್ಲ."

ಎಂಟೂ ಹತ್ತಕ್ಕೆ ದಸ್ತಗಿರಿ ಮಾಡಿದ್ದಾಗಿ ಲಿಝ್ ಬರೆದುಕೊಂಡಳು. ಬೇಡಿ ಹಾಕಲಿಲ್ಲ.

ವಕೀಲರು ಬಂದು ಪಕ್ಕದಲ್ಲಿ ಕೂತ ಮೇಲೆ ವಿಚಾರಣೆ ಶುರುವಾಯಿತು. ಸುಮ್ಮನಿರಿ ಎಂದು ವಕೀಲರು ಎರಡು ಸಲ ಹೇಳಿದರು. ಅವಳು ಎರಡು ಸಲವೂ ತಲೆಯಾಡಿಸಿ ಮಾತು ಮುಂದುವರಿಸಿದಳು.

"ಪರೀಕ್ಷೆ ಯಾಕೆ ನಿಲ್ಬೇಕಿತ್ತು?"

"ಪಾಸಾದ್ರೆ ನಮ್ಮ ನಿಧೀಲಿ ಎಲ್ಲಾ ಸರಿ ಇದೆ ಅಂತ ಸಹಿ ಹಾಕ್ಬೇಕಿತ್ತು. ಬುಧವಾರಾನೇ ನಿಯಂತ್ರಣ ಕಚೇರಿಗೆ ನನ್ನ ಹೆಸರು ಹೋಗೋದಿತ್ತು." ಅವಳ ಸಂಸ್ಥೆಯ ನಿಧಿಯೊಂದು ಗಡಿಯಾಚೆ ಲೊರೇನ್ ಕಡೆಯ ವೃದ್ಧಾಶ್ರಮದ ಕಟ್ಟಡಗಳನ್ನು ಕೊಂಡಿತ್ತು. "ಯಾವ ತಿಂಗಳಾದ್ರೂ ನಿಮ್ಮ ದುಡ್ಡು ವಾಪಸ್ ತಗೋಬಹುದು ಅಂತ ಜನಕ್ಕೆ ಹೇಳಿದಾರೆ. ಆ ಕಟ್ಟಡ ಮಾರೋಕೆ ಎರಡು ವರ್ಷ ಬೇಕು. ನಾಲ್ಕು ಜನ ಒಟ್ಟಿಗೆ ಕೇಳಿದ್ರೆ ಮುಗೀತು, ಆಶ್ರಮಾನೂ ಇಲ್ಲ, ದುಡ್ಡೂ ಇಲ್ಲ. ಹಿಂದಿನ ರಿಸ್ಕ್ ಮ್ಯಾನೇಜರ್ ಬಿಟ್ಟು ಹೋದ್ರು. ಈ ತಿಂಗಳೊಳಗೆ ಹೊಸ ಹೆಸರು ಕೊಡದಿದ್ರೆ ನಿಯಂತ್ರಣ ಕಚೇರಿಯವರು ನಿಧೀನ ನಿಲ್ಲಿಸ್ತಾರೆ."

"ನಿಮ್ ಬಾಸ್‌ಗೆ ಹೇಳ್ಲಿಲ್ವಾ?"

"ಹೇಳ್ದೆ. ಮೊದ್ಲು ಪಾಸಾಗು, ಆಮೇಲೆ ತಲೆ ಕೆಡಿಸ್ಕೊ ಅಂದ್ರು."

"ಬೇಕಂತಲೇ ಫೇಲಾಗಬಹುದಿತ್ತು."

"ನಮ್ಮ ಸಂಸ್ಥೆಯಿಂದ ಇನ್ನೊಬ್ಬ ಕೂತಿದ್ದ. ನಾನು ಫೇಲಾದ್ರೆ ಅವನ ಹೆಸರು. ಅವನು ಏನು ಕೊಟ್ರೂ ಸಹಿ ಹಾಕ್ತಾನೆ. ಪರೀಕ್ಷೇನೇ ನಡೀಬಾರದಿತ್ತು. ಮುಂದಿನದು ಸೆಪ್ಟೆಂಬರ್‌ನಲ್ಲಿ ಅಲ್ವಾ, ಅಷ್ಟರಲ್ಲಿ ನಿಧಿ ತಾನಾಗೇ ನಿಲ್ತಿತ್ತು. ಯಾರ ಹೆಸರೂ ಕೆಡ್ತಿರ್ಲಿಲ್ಲ."

"ನಿಯಂತ್ರಣ ಕಚೇರಿಗೆ ದೂರು ಕೊಡೋಕೆ ಏನಾಗಿತ್ತು?"

"ಬರೆದಿದ್ದೆ. ಕಳಿಸ್ಲಿಲ್ಲ. ಕೆಳಗೆ ಹೆಸರು ಹಾಕ್ಬೇಕಿತ್ತು. ಈ ಊರು ಅಂಗೈಯಷ್ಟಗಲ, ಇನ್ಸ್‌ಪೆಕ್ಟರ್. ಒಂದ್ಸಲ ದೂರು ಕೊಟ್ಟವಳಿಗೆ ಆಮೇಲೆ ಯಾರೂ ಕೆಲ್ಸ ಕೊಡಲ್ಲ. ಹೆಸರಿಲ್ಲದ ಒಂದು ಫೋನು ಸುಲಭ ಅನ್ನಿಸ್ತು."

ಹೊಶೈಡ್ ಕಡತ ತಿರುವಿದ. "ಬಾಂಬಿನ ಫೋನು ಗುರುತು ಸಿಗದ ಹಾಗೆ ಮಾಡಿದ್ರಿ. ಸೋಮವಾರದ್ದು ನಿಮ್ಮ ಸ್ವಂತ ಮೊಬೈಲಿಂದ. ಯಾಕೆ?"

"ಅದನ್ನ ಯಾಕೆ ಮುಚ್ಚಿಡ್ಬೇಕು?" ಅವಳಿಗೆ ನಿಜವಾಗಿಯೂ ಅಚ್ಚರಿಯಾದಂತಿತ್ತು. "ಮೆಟ್ಟಿಲು ಖಾಲಿ ಮಾಡ್ಸಿ ಅಂದೆ. ಅದು ತಪ್ಪು ಕೆಲ್ಸ ಅಲ್ವಲ್ಲ. ಯಾರೂ ಎಡವಬಾರದು ಅಂತ."

ಲಿಝ್ ಟೈಪ್ ಮಾಡುವುದನ್ನು ನಿಲ್ಲಿಸಿ ಹೊಶೈಡನ ಕಡೆ ನೋಡಿದಳು.

"ನಾನೂ ಒಂದು ಕೇಳ್ಲಾ?" ಎಂದಳು ಸೊಲೆನ್. "ಮಂಗಳವಾರದಿಂದ ನಿದ್ದೆ ಬಂದಿಲ್ಲ. ಮಕ್ಕಳು ಪಾರ್ಕಿಗೆ ಹೋಗೋ ಹೊತ್ತು ನೋಡಿದ್ದೆ. ಗಾಲಿಕುರ್ಚಿಯವರನ್ನ ಕೆಳಗೆ ಹಾಕ್ಸಿದ್ದೆ. ಗುಡಿಸೋರು ಎಂಟಕ್ಕೆ ಹೋಗ್ತಾರೆ ಅಂತ ತಿಂಗಳಿಂದ ನೋಡಿದೀನಿ, ಒಂದಿನಾನೂ ತಪ್ಪಿಲ್ಲ. ಆಕೆ ಯಾಕೆ ಅಲ್ಲಿದ್ರು?"

ಮೂರು ದಿನದಲ್ಲಿ ಎರಡನೆಯ ಸಲ ಅದೇ ಪ್ರಶ್ನೆ. ಹೊಶೈಡ್‌ಗೆ ಈ ಕೆಲಸದ ಮೇಲೇ ಜುಗುಪ್ಸೆ ಹುಟ್ಟಿತು. ಹೇಳದೆ ಇರಬಹುದಿತ್ತು. ಆದರೆ ನಾಳೆ ಕಡತ ಅವಳ ಕೈಗೆ ಹೋಗುತ್ತದೆ. ಇಂಥದನ್ನು ಕಾಗದದಲ್ಲಿ ಓದುವುದಕ್ಕಿಂತ ಮನುಷ್ಯರ ಬಾಯಲ್ಲಿ ಕೇಳುವುದು ವಾಸಿ ಎಂದು ಅವನಿಗೆ ಅನ್ನಿಸಿತು.

"ಮೆಟ್ಟಿಲಿಂದ ಕುರ್ಚಿ ತೆಗೀತಾ ಇದ್ಲು" ಎಂದ. "ಅದಕ್ಕೇ ನಿಂತಿದ್ಲು. ಫೆರ್ನಾಂ ತಾನು ಮಾಡೋ ಬದಲು ಅವಳಿಗೆ ಹೇಳಿದ್ದ. ಕೊನೇ ಎರಡು ಕುರ್ಚಿ ಉಳಿದಿದ್ವು."

ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ತನ್ನ ಅಂಗೈಗಳನ್ನು ನೋಡುತ್ತ ಕೂತಳು, ಆ ತಲೆ ಇನ್ನೂ ಅಲ್ಲೇ ಇದ್ದಂತೆ.

"ನಾನೇ ನಿಲ್ಲಿಸಿದ್ದು" ಎಂದಳು. "ಮದಾಂ, ಅದನ್ನೂ ಬರ್ಕೊಳ್ಳಿ. ಆಕೆ ಅಲ್ಲಿದ್ದದ್ದು ನನ್ನಿಂದ ಅಂತ. ನಿಧಿಯ ವಿಚಾರ ಎಲ್ಲಾ ಬರೀರಿ, ಒಂದೂ ಬಿಡಬೇಡಿ."

ಲಿಝ್ ಬರೆದಳು. ಸೊಲೆನ್ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿ, ಒಂದು ತಾರೀಖು ತಿದ್ದಿಸಿ, ಪ್ರತಿ ಹಾಳೆಯ ಕೆಳಗೂ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಪರೀಕ್ಷೆ ಸೆಪ್ಟೆಂಬರಿಗೇನೂ ಹೋಗಲಿಲ್ಲ. ಮುಂದಿನ ವಾರವೇ ಬೇರೆ ಸಭಾಂಗಣದಲ್ಲಿ ನಡೆಯಿತು. ಅವಳ ಸಂಸ್ಥೆಯ ಇನ್ನೊಬ್ಬ ಪಾಸಾದ, ಅವನ ಹೆಸರು ಹೋಯಿತು, ಅವನು ಸಹಿಯನ್ನೂ ಹಾಕಿದ. ಆದರೆ ಅಷ್ಟು ಹೊತ್ತಿಗೆ ಸೊಲೆನ್‌ಳ ಹೇಳಿಕೆಯ ಪ್ರತಿಯನ್ನು ನ್ಯಾಯಾಧೀಶರು ನಿಯಂತ್ರಣ ಕಚೇರಿಗೆ ಕಳಿಸಿದ್ದರು. ಆ ತಿಂಗಳು ಮುಗಿಯುವುದರೊಳಗೆ ನಿಧಿಯ ಬಾಗಿಲು ಮುಚ್ಚಿಸಿ, ಆಶ್ರಮಗಳನ್ನು ಬೇರೆಯವರ ಸುಪರ್ದಿಗೆ ಕೊಟ್ಟರು. ಅವಳಿಗೆ ಕೇಡು ಮಾಡುವ ಮನಸ್ಸು ಎಂದೂ ಇರಲಿಲ್ಲ, ಹೆಸರು ಹಾಕುವ ಹೆದರಿಕೆಯೊಂದಿತ್ತು. ಕೊನೆಗೆ ಆ ಹೆಸರೇ ಕೆಲಸ ಮಾಡಿತು, ಇದಲಿನಾ ಹೋದ ಮೇಲೆ.

ಆ ಶುಕ್ರವಾರ ಸಂಜೆಯೇ ಹೊಶೈಡ್ ಬೊನ್‌ವುವಾ ಬಡಾವಣೆಯಲ್ಲಿದ್ದ ಅಬೀಲಿಯೊನ ಮನೆಗೆ ಹೋದ. ಕೊಟ್ಟ ಮಾತು ಕೊಟ್ಟದ್ದೇ. ಅಡುಗೆಮನೆಯ ಮೇಜಿನ ಮುಂದೆ ಕೂತು, ಕುರ್ಚಿ, ಫೆರ್ನಾಂ, ಸೋಮವಾರದ ಫೋನು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಅಬೀಲಿಯೊ ಅಡ್ಡ ಮಾತಾಡದೆ ಕೇಳಿದ.

"ಯಾರಿಗೂ ಏಟಾಗಬಾರದು ಅಂತ ಮಾಡಿದ್ದಾ?"

"ಹೌದು."

"ಮೆಸೇಜ್ ಹಾಕಿಲ್ಲ ಅಂತ ನಾನು ಅವಳ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಮೊಸ್ಯೋ" ಎಂದ ಅಬೀಲಿಯೊ. "ಕಾಫಿ ಆರೋಯ್ತು ಅಂತ ಬೈಕೊಂಡು ಚೆಲ್ಲಿದೆ. ಅದೇ ಹೊತ್ತಿಗೆ ಅವಳು ಅಲ್ಲಿ ಬಿದ್ದಿದ್ಲು."

ಅವನು ಎದ್ದು ಒಲೆಯ ಮೇಲಿದ್ದ ಪಾತ್ರೆಯಿಂದ ಎರಡು ಲೋಟಕ್ಕೆ ಕಾಫಿ ಸುರಿದು ಒಂದನ್ನು ಹೊಶೈಡನ ಮುಂದಿಟ್ಟ. ಹೊಶೈಡ್ ಲೋಟ ಕೈಗೆತ್ತಿಕೊಂಡ, ತುಟಿಯವರೆಗೆ ತಂದ, ಮತ್ತೆ ಕೆಳಗಿಟ್ಟ.

"ಕುಡೀರಿ" ಎಂದ ಅಬೀಲಿಯೊ. "ಆರೋಗುತ್ತೆ."